ಕ್ಯೂಬಿಸ್ಟ್ ಚಿತ್ರ ನೋಡೋದು ಹೇಗೆ? ಮೊದಲು ಒಂದು ಲೋಟ ತಗೊಳ್ಳಿ

ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದು ಮೇಜಿನ ಮೇಲಿಡಿ. ತಲೆ ತಗ್ಗಿಸಿ, ಲೋಟದ ಬಾಯಿ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ನೋಡಿದರೆ ಅದು ಬರೀ ಒಂದು ಗೆರೆ. ಎದ್ದು ಮೇಲಿನಿಂದ ಬಗ್ಗಿ ನೋಡಿದರೆ ಪೂರ್ತಿ ದುಂಡಗೆ. ಎರಡೂ ನಿಜವೇ, ಅಲ್ವಾ? ಈಗ ಒಂದೇ ಹಾಳೆಯಲ್ಲಿ ಎರಡನ್ನೂ ಸೇರಿಸಿ ಬಿಡಿಸಿ: ಪಕ್ಕದಿಂದ ಕಂಡ ಮೈ, ಮೇಲಿನಿಂದ ಕಂಡ ಬಾಯಿ. ಲೋಟ ಸೊಟ್ಟಗೆ ಕಾಣುತ್ತದೆ, ಕಾಣಲಿ. ಒಂದೇ ವಸ್ತುವನ್ನು ಬೇರೆ ಬೇರೆ ಕಡೆಯಿಂದ ಕಂಡ ಹಾಗೆ ಒಂದೇ ಚಿತ್ರದಲ್ಲಿ ಸೇರಿಸೋದೇ ಕ್ಯೂಬಿಸಂ. ಅರ್ಧ ಪಾಠ ಇಲ್ಲಿಗೇ ಮುಗಿಯಿತು.

ಈ ಚಾಳಿ ಶುರು ಮಾಡಿದ್ದು ಫ್ರೆಂಚ್ ಚಿತ್ರಕಾರ ಸೆಜಾನ್. ಅವರ ಚಿತ್ರಗಳಲ್ಲಿ ಮೇಜು ನಮ್ಮ ಕಡೆ ವಾಲಿರುತ್ತದೆ, ಹಣ್ಣು ಇನ್ನೇನು ಉರುಳಿಬಿಡುತ್ತದೆ ಅನಿಸುತ್ತದೆ. 1906ರಲ್ಲಿ ಅವರು ತೀರಿಕೊಂಡ ಮೇಲೆ, ಮರುವರ್ಷ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಅದೇ 1907ರಲ್ಲಿ ಪಿಕಾಸೊ ‘ಅವಿನ್ಯೋನ್‌ನ ಯುವತಿಯರು’ ಬರೆದರು. ಅದರಲ್ಲಿ ಐದು ಜನ ಹೆಂಗಸರು. ಬಲಗಡೆ ಕುಕ್ಕರಗಾಲಲ್ಲಿ ಕೂತವಳನ್ನೇ ನೋಡಿ: ಬೆನ್ನು ನಮ್ಮ ಕಡೆ, ಮುಖವೂ ನಮ್ಮ ಕಡೆ! ಆ ಮುಖವೂ ಮುಖವಾಡದ ಹಾಗಿದೆ. ಪ್ಯಾರಿಸ್‌ನ ಟ್ರೊಕಾಡೆರೊ ಮ್ಯೂಸಿಯಂನಲ್ಲಿ ಪಿಕಾಸೊ ಆಫ್ರಿಕಾದ ಮುಖವಾಡಗಳನ್ನು ನೋಡಿದ್ದರು. ಅವನ್ನು ಕೆತ್ತಿದವರ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ ಅನ್ನೋದು ನನಗೆ ಈಗಲೂ ಚುಚ್ಚುತ್ತದೆ.

1908ರಲ್ಲಿ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಬ್ರಾಕ್, ದಕ್ಷಿಣ ಫ್ರಾನ್ಸಿನ ಲೆಸ್ತಾಕ್ ಊರಿನ ಮನೆಗಳನ್ನು ಬಾಗಿಲು ಕಿಟಕಿ ಯಾವುದೂ ಇಲ್ಲದೆ, ಪೆಟ್ಟಿಗೆ ಪೇರಿಸಿಟ್ಟ ಹಾಗೆ ಬರೆದರು. ಇವರು ಎಲ್ಲವನ್ನೂ ಕ್ಯೂಬ್ ಮಾಡಿಬಿಡುತ್ತಾರೆ ಅಂತ ವಿಮರ್ಶಕ ವೋಸೆಲ್ ಮೂಗು ಮುರಿದರು. ಆ ಮಾತಿನಿಂದಲೇ ಕ್ಯೂಬಿಸಂ ಅನ್ನೋ ಹೆಸರು ಅಂಟಿಕೊಂಡಿತು.

ಇನ್ನು ಕಷ್ಟದ ಭಾಗ. ಸುಮಾರು 1909ರಿಂದ 1912ರವರೆಗಿನ ಚಿತ್ರಗಳಿಗೆ ಅನಾಲಿಟಿಕ್ ಕ್ಯೂಬಿಸಂ ಅನ್ನುತ್ತಾರೆ, ಅಂದರೆ ವಸ್ತುವನ್ನು ಚೂರು ಚೂರಾಗಿ ಒಡೆದು ತೋರಿಸೋದು. ಕಂದು, ಬೂದು ಬಿಟ್ಟರೆ ಬಣ್ಣವೇ ಕಡಿಮೆ, ಯಾಕಂದರೆ ಬಣ್ಣ ಜಾಸ್ತಿ ಆದರೆ ಕಣ್ಣು ಆಕಾರ ಬಿಟ್ಟು ಅದರ ಹಿಂದೆ ಓಡುತ್ತದೆ. ಪಿಕಾಸೊ 1910ರಲ್ಲಿ ಬರೆದ, ಚಿತ್ರಗಳ ವ್ಯಾಪಾರಿ ಕಾನ್‌ವೈಲರ್ ಅವರ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಒಡೆದ ಗಾಜಿನ ಚೂರು ಬಿಟ್ಟು ಬೇರೇನೂ ಕಾಣಲಿಲ್ಲ, ಎಲ್ಲಿದ್ದಾನೆ ಮನುಷ್ಯ ಅಂತ ಇಡೀ ಚಿತ್ರ ತಡಕಾಡಿ ಸುಸ್ತಾದೆ. ಹಾಗೆ ಹುಡುಕಬೇಡಿ. ಕೆಳಗಡೆ ನೋಡಿ, ಒಂದರೊಳಗೊಂದು ಹೆಣೆದ ಎರಡು ಕೈಗಳಿವೆ. ಅಲ್ಲಿಂದ ಮೇಲೆ ಬಂದರೆ ಗಡಿಯಾರದ ಸರಪಳಿ, ಇನ್ನೂ ಮೇಲೆ ಬಾಚಿದ ಕೂದಲು. ಈ ಮೂರು ಗುರುತು ಸಿಕ್ಕಿದರೆ ಆಸಾಮಿ ಅಲ್ಲೇ ಕೂತಿದ್ದಾರೆ. ಪಿಕಾಸೊ, ಬ್ರಾಕ್ ಇಬ್ಬರೂ ಇಂಥ ಗುರುತು ಬಿಡದೆ ಇರುತ್ತಿರಲಿಲ್ಲ: ಗಿಟಾರಿನ ತಂತಿ, ಮೀಸೆ, ಬಾಟಲಿಯ ಕುತ್ತಿಗೆ.

1912ರಿಂದ ಆಟವೇ ಬೇರೆ. ಒಡೆಯೋದು ಸಾಕು, ಅಂಟಿಸೋಣ ಅಂದರು. ಇದು ಸಿಂಥೆಟಿಕ್ ಕ್ಯೂಬಿಸಂ, ಅಂದರೆ ತುಂಡುಗಳನ್ನು ಸೇರಿಸಿ ಚಿತ್ರ ಕಟ್ಟೋದು. ಪಿಕಾಸೊ ಮೊಟ್ಟೆ ಆಕಾರದ ಒಂದು ಪುಟ್ಟ ಚಿತ್ರಕ್ಕೆ ಬೆತ್ತದ ಕುರ್ಚಿಯ ಹೆಣಿಗೆ ಅಂಟಿಸಿ, ಫ್ರೇಮಿನ ಬದಲು ಸುತ್ತ ಹಗ್ಗ ಕಟ್ಟಿದರು. ಹತ್ತಿರದಿಂದ ನೋಡಿದರೆ ಅದು ಬೆತ್ತವೇ ಅಲ್ಲ, ಹೆಣಿಗೆಯ ಹಾಗೆ ಪ್ರಿಂಟ್ ಹಾಕಿದ ಆಯಿಲ್‌ಕ್ಲಾತ್! ಪಕ್ಕದಲ್ಲಿ ‘ಜೆ ಓ ಯು’ ಅನ್ನೋ ಮೂರು ಅಕ್ಷರ. ಫ್ರೆಂಚಿನಲ್ಲಿ ನ್ಯೂಸ್‌ಪೇಪರ್ ಅನ್ನೋ ಮಾತೂ ಹಾಗೇ ಶುರುವಾಗುತ್ತದೆ, ‘ಆಟ ಆಡೋದು’ ಅನ್ನೋ ಮಾತೂ. ಮನೆಗಳಿಗೆ ಪೇಂಟ್ ಹೊಡೆಯುವ ಕಸುಬು ಕಲಿತಿದ್ದ ಬ್ರಾಕ್, ಅದೇ ವರ್ಷ ಅಂಗಡಿಯಿಂದ ಮರದ ಗೆರೆಗಳಿದ್ದ ವಾಲ್‌ಪೇಪರ್ ತಂದು ಅಂಟಿಸಿದರು. ಸ್ಪೇನಿನ ಚಿತ್ರಕಾರ ಹ್ವಾನ್ ಗ್ರಿಸ್ ಚಿತ್ರಗಳಲ್ಲಿ ಇದೆಲ್ಲ ಇನ್ನೂ ಅಚ್ಚುಕಟ್ಟು, ಬಣ್ಣವೂ ಧಾರಾಳ. ಹೊಸಬರು ಅವರಿಂದಲೇ ಶುರು ಮಾಡಿದರೆ ಸುಲಭ ಅಂತ ನನ್ನ ಲೆಕ್ಕ.

ಈಗ ನಿಮ್ಮ ಲೋಟಕ್ಕೆ ವಾಪಸ್ ಬನ್ನಿ. ಅದರ ಮೈ ಇರೋ ಕಡೆ ಹಳೇ ಪೇಪರಿನ ತುಂಡು ಅಂಟಿಸಿ, ಬಾಯಿಗೆ ಬಿಸ್ಕತ್ ಪೊಟ್ಟಣದ ಬೆಳ್ಳಿ ಹಾಳೆ ದುಂಡಗೆ ಕತ್ತರಿಸಿ ಇಡಿ. ಗೋಂದು ಇಲ್ಲದಿದ್ದರೆ ಮೈದಾ ಅಂಟು ಸಾಕು.