ವಾಕ್ಯದ ಲೆಕ್ಕ: ಹತ್ತನೇ ತರಗತಿಯಲ್ಲಿ ನಾನು ಹೇಳಿಕೊಡುವ ರೀತಿ

ಸಮೀಕರಣ ಬರೆದುಕೊಟ್ಟರೆ ನಮ್ಮ ಮಕ್ಕಳು ಬಿಡಿಸಿಬಿಡುತ್ತಾರೆ. ಅದೇ ಲೆಕ್ಕ ಮೂರು ಸಾಲಿನ ಕತೆಯಾಗಿ ಬಂತೋ, ಪೆನ್ನು ಕೆಳಗಿಡುತ್ತಾರೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನಾನು ವರ್ಷವೂ ನೋಡುವುದು ಇದನ್ನೇ. ಹಾಗಾಗಿ ವರ್ಗ ಸಮೀಕರಣದ ಪಾಠದಲ್ಲಿ ಹೆಚ್ಚು ಪೀರಿಯಡ್ಡುಗಳನ್ನು ಸಮೀಕರಣ ಬಿಡಿಸುವುದಕ್ಕಿಂತ ಅದನ್ನು ಕಟ್ಟುವುದಕ್ಕೇ ಇಟ್ಟುಕೊಳ್ಳುತ್ತೇನೆ.

ಬೋರ್ಡಿನ ಮೇಲೆ ಈ ಲೆಕ್ಕ ಬರೆಯುತ್ತೇನೆ: ಒಂದು ಬಸ್ಸು 120 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಹೋಗುತ್ತದೆ. ವೇಗ ಗಂಟೆಗೆ 10 ಕಿ.ಮೀ. ಹೆಚ್ಚಿದ್ದಿದ್ದರೆ 1 ಗಂಟೆ ಮೊದಲೇ ತಲುಪುತ್ತಿತ್ತು. ಬಸ್ಸಿನ ವೇಗ ಎಷ್ಟು?

ಕೂಡಲೇ ಬರೆಯಲು ಬಿಡುವುದಿಲ್ಲ. ಮೊದಲು ಅಂದಾಜು. 20 ಇರಬಹುದಾ? 20ರಲ್ಲಿ ಹೋದರೆ 6 ಗಂಟೆ, 30ರಲ್ಲಿ ಹೋದರೆ 4 ಗಂಟೆ. ವ್ಯತ್ಯಾಸ 2 ಗಂಟೆ, ಜಾಸ್ತಿಯಾಯಿತು. 40 ಹಿಡಿದು ನೋಡೋಣ: 3 ಗಂಟೆ, ಮತ್ತು 50ರಲ್ಲಿ 2 ಗಂಟೆ 24 ನಿಮಿಷ. ವ್ಯತ್ಯಾಸ 36 ನಿಮಿಷ, ಕಡಿಮೆಯಾಯಿತು. ಉತ್ತರ 20ಕ್ಕೂ 40ಕ್ಕೂ ನಡುವೆ ಎಲ್ಲೋ ಇದೆ ಎಂಬುದು ಇಷ್ಟರಲ್ಲೇ ತರಗತಿಗೆಲ್ಲ ಗೊತ್ತಾಗುತ್ತದೆ. ಇದು ಕಾಲಹರಣ ಎನ್ನುವ ಸಹೋದ್ಯೋಗಿಗಳಿದ್ದಾರೆ, ನಾನು ಒಪ್ಪುವುದಿಲ್ಲ. ಸಮೀಕರಣದಲ್ಲಿ ಬರಬೇಕಾದ ಭಾಗಾಕಾರ, ವ್ಯವಕಲನ ಎರಡನ್ನೂ ಮಕ್ಕಳು ಅಂಕಿಗಳಲ್ಲಿ ಮಾಡಿ ಮುಗಿಸಿರುತ್ತಾರೆ. ಇನ್ನು 20 ಇದ್ದ ಜಾಗಕ್ಕೆ ಅಕ್ಷರ ಕೂರಿಸುವುದಷ್ಟೇ ಬಾಕಿ.

ಆ ಅಕ್ಷರ ಮೊದಮೊದಲು 'ಎಕ್ಸ್' ಆಗಿರುವುದಿಲ್ಲ. ವೇಗಕ್ಕೆ 'ವೇ' ಎಂದೇ ಬರೆಸುತ್ತೇನೆ, ಏನನ್ನು ಹುಡುಕುತ್ತಿದ್ದೇವೆ ಎಂಬುದು ಕಣ್ಣೆದುರೇ ಇರಲಿ ಅಂತ. ನಮ್ಮ ಹಳೆಯ ಗಣಿತಜ್ಞರ ರೂಢಿಯೂ ಹೀಗೇ ಇತ್ತು. ಅವ್ಯಕ್ತ ರಾಶಿಗೆ ಅವರು 'ಯಾವತ್ತಾವತ್' ಎನ್ನುತ್ತಿದ್ದರು, ಚಿಕ್ಕದಾಗಿ 'ಯಾ' ಎಂದು ಬರೆಯುತ್ತಿದ್ದರು.

ಆಮೇಲೆ ಒಂದು ಕೋಷ್ಟಕ. ಎರಡು ಸಾಲು: ಈಗಿನ ಓಟ, ಹೆಚ್ಚಿನ ವೇಗದ ಓಟ. ಮೂರು ಕಂಬ: ದೂರ, ವೇಗ, ಕಾಲ. ದೂರ ಎರಡರಲ್ಲೂ 120. ವೇಗ 'ವೇ' ಮತ್ತು 'ವೇ + 10'. ಕಾಲ ತಾನಾಗಿಯೇ 120/ವೇ ಮತ್ತು 120/(ವೇ + 10). ಈಗ ಕೇಳುವ ಪ್ರಶ್ನೆಯೇ ಇಡೀ ಲೆಕ್ಕದ ಜೀವ: ಆ '1' ಯಾವ ಕಂಬಕ್ಕೆ ಸೇರಿದ್ದು? ಕಾಲದ್ದು. ಯಾವುದರಲ್ಲಿ ಯಾವುದನ್ನು ಕಳೆಯಬೇಕು? "ನಿಧಾನಕ್ಕೆ ಹೋದ್ರೆ ತಾನೇ ಮಿಸ್ ಜಾಸ್ತಿ ಹೊತ್ತು, ಅದರಲ್ಲೇ ಕಳೀಬೇಕು" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂದರೆ ಅರ್ಧ ಪಾಠ ಮುಗಿದ ಹಾಗೆ.

120/ವೇ − 120/(ವೇ + 10) = 1

ಎರಡೂ ಬದಿಯನ್ನು ವೇ(ವೇ + 10)ರಿಂದ ಗುಣಿಸಿದರೆ 120ವೇ + 1200 − 120ವೇ = ವೇ² + 10ವೇ. 120ವೇ ಹೊಡೆದುಹೋಗಿ ವೇ² + 10ವೇ − 1200 = 0 ಉಳಿಯುತ್ತದೆ. ಗುಣಲಬ್ಧ −1200, ಮೊತ್ತ 10 ಬರುವ ಜೋಡಿ 40 ಮತ್ತು −30. ಹಾಗಾಗಿ (ವೇ + 40)(ವೇ − 30) = 0. ವೇ = −40 ಅಥವಾ 30.

ವೇಗ ಋಣ ಸಂಖ್ಯೆಯಾಗದು, ಆದ್ದರಿಂದ −40 ಬೇಡ ಎಂಬ ವಾಕ್ಯವನ್ನು ಕಡ್ಡಾಯವಾಗಿ ಬರೆಸುತ್ತೇನೆ. ಕೊನೆಗೆ ತಾಳೆ: 30ರಲ್ಲಿ 4 ಗಂಟೆ, 40ರಲ್ಲಿ 3 ಗಂಟೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದಲ್ಲಿ ಹಂತಹಂತಕ್ಕೂ ಅಂಕ ಇರುತ್ತದೆ. ಕೊನೆಯವರೆಗೆ ಹೋಗಲಾಗದ ಮಗುವೂ ಸಮೀಕರಣ ಕಟ್ಟಿಟ್ಟರೆ ಆ ಶ್ರಮ ವ್ಯರ್ಥವಾಗುವುದಿಲ್ಲ. ಹಾಳೆ ಖಾಲಿ ಬಿಟ್ಟವರಿಗೆ ಮಾತ್ರ ಏನೂ ಕೊಡಲಾಗದು.

ಮರುದಿನ ಅದೇ ಲೆಕ್ಕದಲ್ಲಿ 120 ಅಳಿಸಿ 100 ಬರೆಯುತ್ತೇನೆ. ವೇ² + 10ವೇ = 1000. ಎಷ್ಟು ತಡಕಾಡಿದರೂ ಜೋಡಿ ಸಿಗುವುದಿಲ್ಲ. ಆಗ ಶ್ರೀಧರಾಚಾರ್ಯರ ಸೂತ್ರ ತರುತ್ತೇನೆ. ಶ್ರೀಧರರ ಬೀಜಗಣಿತದ ಗ್ರಂಥ ನಮಗೆ ಸಿಕ್ಕಿಲ್ಲ. ಹನ್ನೆರಡನೇ ಶತಮಾನದ ಎರಡನೇ ಭಾಸ್ಕರರು ಉದ್ಧರಿಸಿದ್ದರಿಂದ ಸೂತ್ರ ಉಳಿಯಿತು. ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಎರಡೂ ಬದಿ ಗುಣಿಸು, ಮಧ್ಯಪದದ ಮೂಲ ಸಹಗುಣಕದ ವರ್ಗವನ್ನು ಎರಡೂ ಬದಿ ಕೂಡಿಸು, ವರ್ಗಮೂಲ ತೆಗೆ, ಇಷ್ಟೇ. ಅರ್ಧ ಕಾಲು ಭಿನ್ನರಾಶಿಗಳ ಕಾಟವಿಲ್ಲ. ಸೂತ್ರವನ್ನು ಉರು ಹೊಡೆಸುವುದಕ್ಕಿಂತ ಈ ದಾರಿಯಲ್ಲಿ ಒಮ್ಮೆ ನಡೆಸುವುದೇ ನನಗೆ ಇಷ್ಟ.

ನಾಲ್ಕರಿಂದ ಗುಣಿಸಿದರೆ 4ವೇ² + 40ವೇ = 4000. 10ರ ವರ್ಗ 100 ಕೂಡಿಸಿದರೆ (2ವೇ + 10)² = 4100. 64ರ ವರ್ಗ 4096, ಅಂದಮೇಲೆ ವರ್ಗಮೂಲ 64ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. 2ವೇ ಸುಮಾರು 54, ವೇ ಸುಮಾರು 27. ಇದನ್ನೂ ತಾಳೆ ನೋಡಿಸುತ್ತೇನೆ: 100ನ್ನು 27ರಿಂದ ಭಾಗಿಸಿದರೆ ಸುಮಾರು 3.7 ಗಂಟೆ, 37ರಿಂದ ಭಾಗಿಸಿದರೆ 2.7.