ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆಗಿ ಸೇರಿದ್ದು ಹೇಗೆ: ನನ್ನ ಅನುಭವ

ಎಲೆಕ್ಟ್ರಿಕಲ್ ಕೆಲಸ ಕಲಿಯಬೇಕು ಅನ್ನುವವರು ಮೊದಲು ಕೇಳುವುದು ಯಾವ ಕೋರ್ಸ್ ಮಾಡಲಿ ಅಂತ. ಕೋರ್ಸ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಸೇರಿಸಿಕೊಂಡ ಕಾಂಟ್ರಾಕ್ಟರ್ ಸರ್ಟಿಫಿಕೇಟ್ ನೋಡಿದ್ದು ಕೊನೆಗೆ. ಕರೆಂಟ್ ಇರುವ ಜಾಗದಲ್ಲಿ ಇವನನ್ನು ನಂಬಿ ಬಿಡಬಹುದಾ ಅನ್ನುವುದೇ ಅವರ ಯೋಚನೆ. ಹೊಸಬನಿಗೆ ಏನಾದರೂ ಆದರೆ ಉತ್ತರ ಕೊಡಬೇಕಾದವರು ಅವರೇ ಅಲ್ವಾ?

ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕಿದೆ. ಅಲ್ಲಿ ಅಂಕಪಟ್ಟಿ, ಲಿಖಿತ ಪರೀಕ್ಷೆ, ಸಂದರ್ಶನ ಎಲ್ಲಾ ಇರುತ್ತದೆ, ಕಾಯಬೇಕು. ಕಾಯುತ್ತಾ ಸುಮ್ನೆ ಕೂರಲಿಲ್ಲ. ಚಿಕ್ಕ ಕಾಂಟ್ರಾಕ್ಟರುಗಳನ್ನು ನೇರವಾಗಿ ಹೋಗಿ ಕಂಡೆ. ಬೆಳಗ್ಗೆ ಅವರಿಗೆ ಪುರಸೊತ್ತಿರುವುದಿಲ್ಲ. ಸಂಜೆ ಸಾಮಾನು ಎತ್ತಿಡುವ ಹೊತ್ತಿಗೆ ಹೋದರೆ ನಿಂತು ಮಾತಾಡುತ್ತಾರೆ. 'ಏನು ಕೆಲಸ ಕೊಟ್ಟರೂ ಮಾಡ್ತೀನಿ' ಅಂದರೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಪೈಪ್ ಕತ್ತರಿಸಿ ಬೆಂಡ್ ಮಾಡಲು ಬರುತ್ತದೆ, ಏಣಿ ಹತ್ತಲು ಭಯ ಇಲ್ಲ, ಇಂಥ ದಿನದಿಂದ ಬರಬಲ್ಲೆ, ಹೀಗೆ ಬಿಡಿಸಿ ಹೇಳಿದೆ. ಹೆಚ್ಚಿನವರು ಈಗ ಬೇಡ ಅಂದರು. 'ಹೊಸ ಕಟ್ಟಡ ಶುರುವಾದಾಗ ನೋಡೋಣ' ಅಂದವರಿಗೆ ಮಾತ್ರ ಮತ್ತೆ ಫೋನ್ ಮಾಡಿದೆ. ಕೆಲಸ ಸಿಕ್ಕಿದ್ದು ಅಂಥವರೊಬ್ಬರ ಹತ್ತಿರ.

ಅವರು ಬಾಯಿಲೆಕ್ಕ ಕೇಳಿದರು. 230 ವೋಲ್ಟ್ ಲೈನಿಗೆ 2,000 ವಾಟ್ ಹೀಟರ್ ಹಾಕಿದರೆ ಎಷ್ಟು ಆಂಪಿಯರ್? ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7. ಹಾಗಾದರೆ 6 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುತ್ತದೆ, ಅದಕ್ಕೆ 16ರದ್ದು ಹಾಕಿಬಿಡಬಹುದಾ ಅಂದರು. ಒಳಗಿರುವ ವೈರಿನ ದಪ್ಪ ನೋಡದೆ ಹಾಕಬಾರದು ಅಂದೆ. ಎಂಸಿಬಿ ಇರುವುದು ಮೊದಲಿಗೆ ವೈರನ್ನು ಕಾಯುವುದಕ್ಕೆ. ಹೀಟರನ್ನು ಕಾಯುವುದಕ್ಕಲ್ಲ.

ಆಮೇಲೆ ಒಂದು ಮಲ್ಟಿಮೀಟರ್ ಕೊಟ್ಟು, ಗೋಡೆಯಲ್ಲಿ ತೆರೆದಿದ್ದ ಬಾಕ್ಸ್ ತೋರಿಸಿ, ಇದರಲ್ಲಿ ಕರೆಂಟ್ ಇದೆಯಾ ನೋಡು ಅಂದರು. ನಾನು ಮೊದಲು ಪಕ್ಕದಲ್ಲಿ ಕರೆಂಟ್ ಇರುವ ಸಾಕೆಟ್ಟಿಗೆ ಮೀಟರ್ ಹಿಡಿದೆ, ವೋಲ್ಟೇಜ್ ತೋರಿಸಿತು. ಆಮೇಲೆ ಬಾಕ್ಸಿನಲ್ಲಿ ಫೇಸ್ (ಕರೆಂಟ್ ತರುವ ವೈರ್), ನ್ಯೂಟ್ರಲ್ (ವಾಪಸ್ ಒಯ್ಯುವ ವೈರ್), ಅರ್ತ್ (ನೆಲಕ್ಕೆ ಸೇರುವ ವೈರ್) ಮೂರನ್ನೂ ಎರಡೆರಡಾಗಿ ಹಿಡಿದು ನೋಡಿದೆ, ಸೊನ್ನೆ. ಕೊನೆಗೆ ಮತ್ತೆ ಅದೇ ಸಾಕೆಟ್ಟಿಗೆ ಹಿಡಿದೆ.

'ಎರಡನೇ ಸಲ ಯಾಕೆ ನೋಡಿದೆ?'

'ನಡುವೆ ಮೀಟರೇ ಕೈಕೊಟ್ಟಿದ್ದರೂ ಸೊನ್ನೆ ತೋರಿಸುತ್ತಿತ್ತು, ಸರ್.'

ನಾಳೆಯಿಂದ ಬಾ ಅಂದರು. ಈ ಪದ್ಧತಿಯನ್ನು ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು. ನಾನು ಅದನ್ನು ಕೈಗೆ ರೂಢಿ ಮಾಡಿಕೊಂಡಿದ್ದೆ, ಅಷ್ಟೇ. ಇವತ್ತಿಗೂ ಇದನ್ನು ಬಿಟ್ಟು ಒಂದು ವೈರನ್ನೂ ಮುಟ್ಟುವುದಿಲ್ಲ.

ವೈರುಗಳನ್ನು ಗುರುತಿಸುವುದು ಬಣ್ಣದಿಂದ. ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುತ್ತದಾ ಅಂತ ಮೊದಲೇ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ.

ಶುರುವಿನ ತಿಂಗಳುಗಳು ಪೈಪ್ ಹಾಕುವುದು, ವೈರ್ ಎಳೆಯುವುದರಲ್ಲೇ ಹೋಗುತ್ತವೆ. ಬೇಜಾರಾಗಬೇಡಿ. ನನಗೆ ಜಾಸ್ತಿ ಕಲಿಸಿದ್ದು ವೈರಿನ ತುದಿ ಬಿಗಿಯುವ ಕೆಲಸ. ತಾಮ್ರದ ಎಳೆ ಕಡಿಯದಂತೆ ಸಿಪ್ಪೆ ಸುಲಿಯಬೇಕು. ಸ್ಕ್ರೂ ಕೂರಬೇಕಾದ್ದು ತಾಮ್ರದ ಮೇಲೆ, ಪ್ಲಾಸ್ಟಿಕ್ಕಿನ ಮೇಲಲ್ಲ. ಬಿಗಿದ ಮೇಲೆ ಒಂದು ಸಲ ಎಳೆದು ನೋಡಬೇಕು. ಸಡಿಲ ಇದ್ದರೆ ಅಲ್ಲಿ ರೆಸಿಸ್ಟೆನ್ಸ್ ಹೆಚ್ಚಿ ಬಿಸಿಯಾಗುತ್ತದೆ. ಅದೇ ಜಾಗದಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಬೋರ್ಡುಗಳು ಸುಟ್ಟು ಕಪ್ಪಾಗುವುದಕ್ಕೆ ಬಹಳ ಸಲ ಇದೇ ಕಾರಣ.

ಸೇರುವ ಮುಂಚೆ ಒಂದು ವಿಷಯ ಕೇಳಲೇಬೇಕು. ನಿಮ್ಮನ್ನು ಅಪ್ರೆಂಟಿಸ್ ಅಂತ ನೋಂದಾಯಿಸುತ್ತಾರಾ, ಅಥವಾ ಬರೀ ಹೆಲ್ಪರಾ? ಬಹಳ ಕಡೆ ಲೈಸೆನ್ಸ್ ಕೊಡುವಾಗ ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸದ ದಾಖಲೆ ಕೇಳುತ್ತಾರೆ. ಎಷ್ಟು ವರ್ಷ, ಸ್ಟೈಪೆಂಡ್ ಎಷ್ಟು, ಯಾರ ಕೈಕೆಳಗೆ, ವಿಮೆ ಇದೆಯಾ, ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಕೇಳುವುದಕ್ಕೆ ಸಂಕೋಚ ಬೇಡ. ನಾನು ಒಂದು ಪುಸ್ತಕದಲ್ಲಿ ದಿನದಿನದ ಕೆಲಸ ಬರೆದು, ವಾರಕ್ಕೊಮ್ಮೆ ಸೂಪರ್‌ವೈಸರ್ ಹತ್ತಿರ ಸಹಿ ಹಾಕಿಸುತ್ತಿದ್ದೆ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಆ ಪುಸ್ತಕವನ್ನೇ ಕೊಟ್ಟೆ.