ಸಿಇಟಿ ಫೈಲನ್ನು ಎಂಟನೇ ಕ್ಲಾಸಿನಲ್ಲೇ ಶುರು ಮಾಡಿ

ಎಂಜಿನಿಯರಿಂಗ್‌ನಂಥ ಕೋರ್ಸಿಗೆ ರಾಜ್ಯದಲ್ಲಿ ನಡೆಯುವ ಪ್ರವೇಶ ಪರೀಕ್ಷೆ ಸಿಇಟಿಯ ಅರ್ಜಿ ತುಂಬುವ ಹೊತ್ತಿಗೆ ಪಿಯುಸಿ ಮಕ್ಕಳು ಪುಸ್ತಕ ಬದಿಗಿಟ್ಟು ಹಳೇ ಶಾಲೆ, ನಾಡಕಚೇರಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು ಅಂತ ಅಲೆಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ನನ್ನ ಅಕ್ಕನ ಮಗಳು ಎರಡನೇ ಕ್ಲಾಸಿನವರೆಗೆ ಓದಿದ ಶಾಲೆ ಮುಚ್ಚಿಹೋಗಿತ್ತು. ಅಲ್ಲಿನ ದಾಖಲಾತಿ ಪುಸ್ತಕ ಎಲ್ಲಿದೆ ಎಂದು ಹುಡುಕುವುದರಲ್ಲೇ ಹನ್ನೊಂದು ದಿನ ಹೋಯಿತು. ಪರೀಕ್ಷೆಗೆ ಓದಬೇಕಾದ ದಿನಗಳು ಅವು. ಮಗು ಹೈಸ್ಕೂಲಿಗೆ ಸೇರಿದಾಗಲೇ ದಾಖಲೆ ಜೋಡಿಸುವ ಕೆಲಸ ಶುರು ಮಾಡಿ.

ಮೊದಲು ಹೆಸರು. ಶಾಲೆಯ ದಾಖಲಾತಿ, ಆಧಾರ್, ಜನನ ಪ್ರಮಾಣಪತ್ರ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರು, ಇನಿಷಿಯಲ್, ಹುಟ್ಟಿದ ದಿನ, ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೊಂದಾಗಿ ಹೋಲಿಸಿ. ತಪ್ಪಿದ್ದರೆ ಈಗಲೇ ಹೆಡ್‌ಮಾಸ್ಟರಿಗೆ ಅರ್ಜಿ ಕೊಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸಲು ಬೋರ್ಡಿನವರೆಗೂ ಓಡಾಡಬೇಕು. ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸ್ಯಾಟ್ಸ್ ಸಂಖ್ಯೆ ಬರೆದಿಟ್ಟುಕೊಳ್ಳಿ.

ಜಾಸ್ತಿ ಜನ ಎಡವುವುದು ವ್ಯಾಸಂಗ ಪ್ರಮಾಣಪತ್ರದಲ್ಲಿ. ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಎಂದು ಶಾಲೆ ಕೊಡುವ ಈ ಪತ್ರದ ಮೇಲೆಯೇ ಎರಡು ಕೋಟಾ ನಿಂತಿವೆ: ಸೀಟುಗಳಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಗ್ರಾಮೀಣ ಕೋಟಾಕ್ಕೆ 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷದ ಲೆಕ್ಕ. ಏಳನೇವರೆಗೆ ಊರಲ್ಲಿ ಓದಿ ಎಂಟಕ್ಕೆ ಪಟ್ಟಣದ ಹೈಸ್ಕೂಲಿಗೆ ಸೇರಿದರೆ ಗ್ರಾಮೀಣ ಕೋಟಾ ಹೋಯಿತು. ಪಟ್ಟಣಕ್ಕೆ ಕಳಿಸಬೇಡಿ ಎನ್ನುತ್ತಿಲ್ಲ, ಇದು ಗೊತ್ತಿದ್ದು ಕಳಿಸಿ. ಎರಡು ಮೂರು ಶಾಲೆ ಬದಲಾಯಿಸಿದ್ದರೆ ಪ್ರತಿ ಶಾಲೆಯಿಂದಲೂ ಬೇರೆ ಬೇರೆ ಪತ್ರ ಬೇಕು. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಮಾಧ್ಯಮ, ಶಾಲೆ ಇರುವುದು ಹಳ್ಳಿಯಲ್ಲೋ ಪಟ್ಟಣದಲ್ಲೋ ಎಲ್ಲವೂ ಅದರಲ್ಲಿರಲಿ. ಹೆಡ್‌ಮಾಸ್ಟರ್ ಸಹಿ ಸಾಲದು, ಬಿಇಒ ಸಹಿ, ಸೀಲು ಎರಡೂ ಬೇಕು. ಸೀಲು ಮಸುಕಾಗಿದ್ದರೆ ಅಲ್ಲೇ ನಿಂತು ಇನ್ನೊಮ್ಮೆ ಹಾಕಿಸಿಕೊಳ್ಳಿ. ಪ್ರೈಮರಿ ಶಾಲೆಯ ಪತ್ರ ಈ ವರ್ಷವೇ ಮಾಡಿಸಿ. ಹೈಸ್ಕೂಲಿನದ್ದು ಹತ್ತನೇ ಮುಗಿಸಿ ಟಿಸಿ ತರುವ ದಿನವೇ ಕೇಳಿ.

ಇವಕ್ಕೆ ಲ್ಯಾಮಿನೇಷನ್ ಮಾಡಿಸಲೇಬೇಡಿ. ಬಿಸಿಗೆ ಶಾಯಿ ಹರಡುತ್ತದೆ, ಆಮೇಲೆ ಸಹಿಯನ್ನೂ ಹಾಕಿಸಲಾಗದು. ಮಾಮೂಲಿ ಪ್ಲಾಸ್ಟಿಕ್ ಫೋಲ್ಡರ್ ಸಾಕು.

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯೇ ಸಿಇಟಿಗೆ ಬೇಕಾದದ್ದು. ಕೇಂದ್ರ ಸರ್ಕಾರದ ಒಬಿಸಿ ಪತ್ರ ಇಲ್ಲಿ ನಡೆಯುವುದಿಲ್ಲ. 2ಎ, 3ಬಿಯಂಥ ಹಿಂದುಳಿದ ವರ್ಗದವರು ಪಿಯುಸಿಗೆ ಬಂದ ಮೇಲೆ ಈ ಜಾತಿ-ಆದಾಯ ಪತ್ರದ ಅವಧಿ ಮುಗಿದಿಲ್ಲವೇ ಎಂದು ನೋಡಿಕೊಳ್ಳಿ.

ಓದಿನ ಬಗ್ಗೆ ಒಂದೇ ಮಾತು. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಸಿಇಟಿಯದ್ದು, ಇನ್ನರ್ಧ ಪಿಯುಸಿ ಅಂಕದ್ದು. ಎಂಟನೇ ಕ್ಲಾಸಿಗೇ ಲಕ್ಷಗಟ್ಟಲೆ ಸುರಿದು ‘ಫೌಂಡೇಷನ್’ ಕೋಚಿಂಗ್ ಬೇಡ. ಶಾಲೆಯ ಗಣಿತ ಪುಸ್ತಕದ ಅಭ್ಯಾಸ ಲೆಕ್ಕಗಳನ್ನು ಒಂದೂ ಬಿಡದೆ ಮಾಡಿಸಿ.

ಮುಂದೆ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವಾಗ ಫೋನ್ ನಂಬರ್ ನಿಮ್ಮದೇ ಕೊಡಿ. ಸೀಟು ಆರಿಸುವ ದಿನ ಒಟಿಪಿ ಬರುವುದು ಆ ನಂಬರಿಗೆ.